ನೀರಿನ ಲೆಕ್ಕದ ಬೆಲ್ಲ

ನನ್ನ ತಂಗಿ ವೀರಭದ್ರಮ್ಮ ಬಸ್ಸು ಹತ್ತುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಸಿರುಗುಪ್ಪದಿಂದ ಸಿರಿಗೇರಿ ಮೇಲೆ ಕುರುಗೋಡಿಗೆ ಬರುವ ಬಸ್ಸಿನ ಮೊದಲ ಮೆಟ್ಟಿಲು ಬಹಳ ಎತ್ತರ. ಮೊದಲೆಲ್ಲ ಸೋಮವಾರ ಬಂತೆಂದರೆ ಅವಳು ಆ ಮೆಟ್ಟಿಲು ಹತ್ತಿ ಬಂದು, ಬಸವಣ್ಣನಿಗೆ ಕಾಯಿ ಒಡೆಸಿ, ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬರುತ್ತಿದ್ದಳು. ಸಂಜೆಯವರೆಗೆ ಅವಳು ಮಾತಾಡುತ್ತಿದ್ದಳು, ನಾನು ಶೇಂಗಾ ಸುಲಿಯುತ್ತ ಕೇಳುತ್ತಿದ್ದೆ.

ಆಮೇಲೆ ಅವಳ ಮೊಣಕಾಲು ಹಿಡಿದುಕೊಂಡವು. ಮೈ ಬೆಳೆದದ್ದಕ್ಕೆ ಕಾಲು ನೊಂದವು, ಕಾಲು ನೊಂದದ್ದಕ್ಕೆ ಕೂತಲ್ಲೇ ಕೂತು ಮೈ ಇನ್ನಷ್ಟು ಬೆಳೆಯಿತು. ಒಂದು ಸೋಮವಾರ ಕಂಡಕ್ಟರು ಮೇಲಿನಿಂದ ಕೈ ಹಿಡಿದು, ಇನ್ಯಾರೋ ಕೆಳಗಿನಿಂದ ದೂಡಿ ಅವಳನ್ನು ಬಸ್ಸಿಗೆ ಹತ್ತಿಸಬೇಕಾಯಿತು. ಒಳಗೆ ಕೂತವರು ನಕ್ಕರಂತೆ. ಅಂದಿನಿಂದ ಬರುವುದು ನಿಂತಿತು. ನಾನೇ ಸಿರುಗುಪ್ಪಕ್ಕೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಆದರೆ ನಾನು ಹೋಗುವುದು ಬೇರೆ, ಅವಳು ಬರುವುದು ಬೇರೆ. ದೇಶನೂರಿನಲ್ಲಿ ನಮ್ಮವ್ವ ಹೋದ ಮೇಲೆ ತವರು ಅಂತ ಅವಳಿಗೆ ಉಳಿದದ್ದು ನನ್ನ ಮನೆಯೇ.

ಬಳ್ಳಾರಿಯ ಎಲುಬಿನ ಡಾಕ್ಟರು ಮೊಣಕಾಲು ಒತ್ತಿ ನೋಡಿ, ಎಂಟು ಕೆಜಿ ಇಳಿಸಿಕೊಂಡು ಬನ್ನಿ ಎಂದರು. ಆಪರೇಷನ್ ಬೇಕೋ ಬೇಡವೋ ಆಮೇಲೆ ನೋಡೋಣ, ಅಷ್ಟು ಇಳಿದರೆ ಬಸ್ಸಿನ ಮೆಟ್ಟಿಲಂತೂ ಹತ್ತುತ್ತೀರಿ ಎಂದರು. ತಂಗಿ ಆ ಕೊನೆಯ ಮಾತನ್ನು ಮಾತ್ರ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದಳು.

ಅವಳ ಸೊಸೆ ಶಾಂಭವಿ ರೂಪನಗುಡಿಯ ಹುಡುಗಿ, ಹಿಡಿದ ಕೆಲಸ ಬಿಡುವವಳಲ್ಲ. ಅತ್ತೆಯ ತಟ್ಟೆಯಲ್ಲಿ ಅನ್ನವನ್ನು ಅರ್ಧ ಮಾಡಿದಳು, ತುಪ್ಪ ನಿಲ್ಲಿಸಿದಳು, ಚಹಾಕ್ಕೆ ಸಕ್ಕರೆ ನಿಲ್ಲಿಸಿದಳು. ಮಂಡಕ್ಕಿಯ ಉಗ್ಗಾಣಿ ಮಾಡಿದ ದಿನ ಜೊತೆಗೆ ಬೇಕಾದ ಮೆಣಸಿನಕಾಯಿ ಬಜ್ಜಿಯನ್ನು ಮನೆಯಲ್ಲಿ ಯಾರಿಗೂ ಕರಿಯಲಿಲ್ಲ. ಅದರಿಂದ ತಂಗಿಯ ಮಗ ಎರ್ರಿಸ್ವಾಮಿಯ ಮುಖ ಸಪ್ಪಗಾಯಿತೇ ವಿನಾ ಅವಳು ಜಗ್ಗಲಿಲ್ಲ. ಇದರ ಮೇಲೆ, ನೀರು ಹೆಚ್ಚು ಕುಡಿದರೆ ತೂಕ ಇಳಿಯುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ, ಗಂಟೆಗೊಮ್ಮೆ ಫೋನು ಕೂಗುವ ಹಾಗೆ ಮಾಡಿಟ್ಟಳು. ಅದು ಕೂಗಿದರೆ ಅತ್ತೆ ಒಂದು ಲೋಟ ನೀರು ಕುಡಿಯಬೇಕು.

ತಂಗಿ ಅದನ್ನು ವ್ರತದ ಹಾಗೆ ಹಿಡಿದಳು. ದಿನಾ ನನಗೆ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದಳು.

“ಯಕ್ಕಾ, ತುಂಗಭದ್ರಾ ಕಾಲುವಿ ಗದ್ದಿಗೆ ಬಿಡೋದು ಬಿಟ್ಟು ನನ್ನ ಹೊಟ್ಟಿಗೆ ಬಿಟ್ಟಾಳ ನೋಡು ನಮ್ಮ ಶಾಂಭವಿ,” ಎನ್ನುತ್ತಿದ್ದಳು. ಆದರೆ ದನಿಯಲ್ಲಿ ಸಂತೋಷವಿತ್ತು. ಮುಂದಿನ ಶ್ರಾವಣಕ್ಕೆ ಬಂದೇ ಬರುತ್ತೇನೆ, ಜಗಲಿಯ ಮೇಲೆ ನನ್ನ ಜಾಗ ಬಿಟ್ಟಿರು ಎನ್ನುತ್ತಿದ್ದಳು.

ಬೇಸಿಗೆ ಕಾಲಿಟ್ಟಾಗ ಮತ್ತೆ ಡಾಕ್ಟರ ಹತ್ತಿರ ಹೋಗುವುದಿತ್ತು. ಅವರು ಸಿರುಗುಪ್ಪದಿಂದ ಬಾಡಿಗೆ ಕಾರಿನಲ್ಲಿ ಬಂದರು, ನಾನು ಕುರುಗೋಡಿನಿಂದ ಬಸ್ಸಿನಲ್ಲಿ ಹೋದೆ. ತಂಗಿ ಚಪ್ಪಲಿ ಬಿಟ್ಟು, ಕೈಬಳೆಯನ್ನೂ ತೆಗೆದು ನನ್ನ ಕೈಗೆ ಕೊಟ್ಟು ತೂಕದ ಯಂತ್ರ ಹತ್ತಿದಳು. ಎರಡು ಕೆಜಿ ಹೆಚ್ಚಾಗಿತ್ತು. ಡಾಕ್ಟರು ಯಂತ್ರವನ್ನು ಬೇರೆ ಕಡೆ ಇಡಿಸಿ ಇನ್ನೊಮ್ಮೆ ನಿಲ್ಲಿಸಿದರು. ಅಷ್ಟೇ ತೋರಿಸಿತು.

ಏನೇನು ತಿನ್ನುತ್ತೀರಿ ಎಂದು ಕೇಳಿದರು. ತಂಗಿ ಬೆಳಗಿನ ಒಂದು ರೊಟ್ಟಿಯಿಂದ ಹಿಡಿದು ರಾತ್ರಿಯ ಮಜ್ಜಿಗೆಯವರೆಗೆ ಎಲ್ಲ ಹೇಳಿದಳು. ಶಾಂಭವಿ ಪಕ್ಕದಲ್ಲಿ ನಿಂತು ಹೌದು ಹೌದು ಎಂದು ತಲೆಯಾಡಿಸಿದಳು. ಇಷ್ಟು ನೀರು ಕುಡಿದರೂ ಯಾಕೆ ಇಳಿಯಲಿಲ್ಲ ಎಂದು ತಂಗಿಯೇ ಕೇಳಿದಳು. ಡಾಕ್ಟರು ಒಳ್ಳೆಯವರು, ಸಮಾಧಾನವಾಗಿ ಹೇಳಿದರು. ನೀರು ಕೊಬ್ಬನ್ನು ಕರಗಿಸುವುದಿಲ್ಲ. ಊಟಕ್ಕೆ ಮುಂಚೆ ಒಂದು ಲೋಟ ಕುಡಿದರೆ ಒಂದು ತುತ್ತು ಕಡಿಮೆ ಇಳಿಯುತ್ತದೆ. ಚಹಾ, ಶರಬತ್ತಿನ ಬದಲು ನೀರು ಕುಡಿದರೆ ಅದರ ಸಿಹಿ ಹೊಟ್ಟೆಗೆ ಹೋಗುವುದು ತಪ್ಪುತ್ತದೆ. ಅದರ ಸಹಾಯ ಅಷ್ಟೇ. ಆದರೆ ನೀರಿನಿಂದ ತೂಕ ಏರುವುದಂತೂ ಇಲ್ಲ, ಇನ್ನೇನೋ ಇರಬೇಕು ನೋಡಿಕೊಳ್ಳಿ ಎಂದರು.

ಆ ‘ಇನ್ನೇನೋ’ ಎಂಬ ಮಾತು ನಮ್ಮ ಜೊತೆಗೇ ಹೊರಗೆ ಬಂತು. ಆಸ್ಪತ್ರೆಯ ಬೇವಿನ ಗಿಡದ ಕೆಳಗೆ ಕಾರಿಗೆ ಕಾಯುವಾಗ ಶಾಂಭವಿ ಮೆಲ್ಲಗೆ ಕೇಳಿದಳು:

“ಅತ್ತಿ, ನಾ ಇಲ್ಲದಾಗ ಏನರ ತಿಂತೀರೇನ್ರಿ? ತಿಂದಿದ್ರ ತಿಂದೀನಿ ಅನ್ರಿ. ನಾ ಸಿಟ್ಟಾಗಂಗಿಲ್ಲ.”

ತಂಗಿ ಅವಳ ಮುಖವನ್ನೇ ನೋಡಿದಳು. “ಎರ್ರಿಸ್ವಾಮಿ ಮ್ಯಾಲ ಆಣಿ ಮಾಡತೀನಿ. ನಾ ಏನೂ ತಿಂದಿಲ್ಲ,” ಎಂದಳು.

ಅವಳನ್ನು ಹಾಗೆ ಬಿಟ್ಟು ಬರಲು ಮನಸ್ಸಾಗದೆ ನಾನೂ ಅದೇ ಕಾರಿನಲ್ಲಿ ಸಿರುಗುಪ್ಪಕ್ಕೆ ಹೋದೆ. ದಾರಿಯುದ್ದಕ್ಕೂ ಅವಳು ಹೊರಗಿನ ಭತ್ತದ ಗದ್ದೆ ನೋಡುತ್ತ ಕೂತಿದ್ದಳು. ಎದುರಿಗೊಂದು ಬಸ್ಸು ಹೋದಾಗ ಮಾತ್ರ ಮುಖ ತಿರುಗಿಸಿದಳು. ಆ ಸಂಜೆ ತಟ್ಟೆ ಮುಟ್ಟಲಿಲ್ಲ. ಇನ್ನು ಇದೆಲ್ಲ ಸಾಕು, ಈ ಕುರ್ಚಿಯೇ ತನ್ನ ಪಾಲಿಗೆ ಕುರುಗೋಡು ಎಂದಳು. ಸೊಸೆ ಅಡುಗೆ ಮನೆಯಲ್ಲಿ ಕಣ್ಣು ಒರೆಸಿಕೊಂಡಳು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುವವರಲ್ಲ ಎಂದು ನನಗೆ ಗೊತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಪಡಸಾಲೆಯಲ್ಲಿ ಕೂತಿದ್ದಾಗ ಫೋನು ಕೂಗಿತು. ಏನೇ ಆಗಲಿ ಎಂದು ಶಾಂಭವಿ ಒಳಗಿಂದ “ನೀರು, ಅತ್ತಿ,” ಎಂದಳು. ತಂಗಿ ಮುಖ ಊದಿಸಿಕೊಂಡೇ ಪಕ್ಕಕ್ಕೆ ಕೈ ಚಾಚಿದಳು. ಅಲ್ಲಿ ನೀರಿನ ಕೊಡ, ಅದರ ಮುಚ್ಚಳದ ಮೇಲೆ ಹಿತ್ತಾಳೆ ಬಟ್ಟಲು, ಬಟ್ಟಲಲ್ಲಿ ಒಡೆದ ಬೆಲ್ಲ. ಒಂದು ತುಣುಕು ತೆಗೆದು ದವಡೆಗೆ ಇಟ್ಟುಕೊಂಡು ನೀರು ಎತ್ತಿ ಕುಡಿದಳು. ಬಟ್ಟಲನ್ನು ನನ್ನ ಕಡೆಗೂ ಸರಿಸಿದಳು. ನಾನೂ ಒಂದು ತುಣುಕು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಲೋಟ ಕೆಳಗಿಡುವಾಗ ಅದು ನನ್ನ ತಲೆಗೆ ಹೊಳೆಯಿತು.

ನಮ್ಮ ದೇಶನೂರಿನ ಮನೆಯಲ್ಲಿ ಬರೀ ನೀರು ಅಂತ ಯಾರೂ ಕುಡಿದದ್ದಿಲ್ಲ. ಗದ್ದೆಯಿಂದ ಬಿಸಿಲಲ್ಲಿ ಯಾರು ಬಂದರೂ ನಮ್ಮವ್ವ ಮೊದಲು ಅಂಗೈಗೆ ಬೆಲ್ಲ ಇಟ್ಟು ಆಮೇಲೆ ತಂಬಿಗೆ ಕೊಡುತ್ತಿದ್ದಳು. ಒಂದೇ ಒಂದು ಸಲ, ಅಪ್ಪನ ಜೊತೆ ಏನಕ್ಕೋ ಜಗಳವಾದಾಗ, ಬರೀ ನೀರು ತಂದಿಟ್ಟಳು. ಅಪ್ಪ ತಂಬಿಗೆ ಹಿಡಿದುಕೊಂಡು ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ, ಕುಡಿಯಲಿಲ್ಲ. ನಾವು ಮಕ್ಕಳು ಬಾಗಿಲ ಸಂದಿಯಿಂದ ಹೆದರಿ ನೋಡಿದ್ದೆವು. ಅದೇ ರೂಢಿ ತಂಗಿಯ ಜೊತೆಗೆ ಸಿರುಗುಪ್ಪಕ್ಕೆ ಬಂತು, ಮದುವೆಯಾಗಿ ಬಂದ ಶಾಂಭವಿಗೂ ಅವಳು ಅದನ್ನೇ ಕಲಿಸಿದಳು. ಬೆಲ್ಲವನ್ನು ಕುರುಗೋಡಿನ ಸಂತೆಯಿಂದ ತಂದು ಕೊಡುವವಳು ನಾನು.

ಆದರೂ ಖಾತ್ರಿಯಾಗಲಿ ಎಂದುಕೊಂಡು, ಫೋನು ಕೂಗಿದಾಗಲೆಲ್ಲ ನೋಡಿದೆ. ತಂಗಿಯ ಕಣ್ಣು ಬೇರೆಲ್ಲೋ ಇರುತ್ತಿತ್ತು, ಕೈ ಮಾತ್ರ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಬಟ್ಟಲು ಬರಿದಾಯಿತು. ಶಾಂಭವಿ ಬಂದು ಅದನ್ನು ಒಯ್ದು, ಬೆಲ್ಲದ ಪೆಂಟೆಯನ್ನು ಕುಟ್ಟಾಣಿಯಿಂದ ಒಡೆಯುತ್ತ, ದೊಡ್ಡಮ್ಮ ಬಂದರೆ ಬೆಲ್ಲ ಬೇಗ ತೀರುತ್ತದೆ ಎಂದು ನಗೆಯಾಡಿದಳು.

“ನಾ ಒಂದ ತುಣುಕು ತಿಂದೀನಿ, ಶಾಂಭವಿ,” ಎಂದೆ.

ಕುಟ್ಟಾಣಿ ನಿಂತಿತು. ಅವಳು ಬಟ್ಟಲು ನೋಡಿದಳು, ಅತ್ತೆಯ ಕಡೆ ನೋಡಿದಳು. ತಂಗಿಯ ಒಂದು ದವಡೆ ಇನ್ನೂ ಉಬ್ಬಿತ್ತು.

“ಅತ್ತಿ, ಇದನ್ನ ಡಾಕ್ಟರಿಗೆ ಹೇಳಲೇ ಇಲ್ಲಲ್ರಿ?”

“ಯಾವುದನ್ನ?”

“ಬೆಲ್ಲ.”

ತಂಗಿ ನಿಜವಾಗಿಯೂ ಅರ್ಥವಾಗದವಳ ಹಾಗೆ ನೋಡಿದಳು. “ಅದನ್ನ ಯಾಕ ಹೇಳಬೇಕು? ಅದು ತಿನ್ನೋದು ಹೆಂಗಾತು? ಅದು ನೀರಿನ ಲೆಕ್ಕ.”

ಶಾಂಭವಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಮೊದಲಿಗೆ ತಿಳಿಯಲಿಲ್ಲ. “ಚಹಾದಾಗಿನ ಸಕ್ಕರಿ ತೆಗದೆ ದೊಡ್ಡಮ್ಮ, ಬಟ್ಟಲ ಮಾತ್ರ ನಾನ ತುಂಬಿಸಿ ತುಂಬಿಸಿ ಇಟ್ಟೆ,” ಎಂದಳು. ಅತ್ತೆಯ ಕಾಲು ಹಿಡಿದುಕೊಂಡು, ನಿಮ್ಮನ್ನು ಕಳ್ಳಿ ಅಂದ ಹಾಗೆ ಮಾತಾಡಿದೆ, ತಪ್ಪಾಯಿತು ಎಂದಳು. ತಂಗಿ ಅವಳ ತಲೆಯ ಮೇಲೆ ಕೈ ಇಟ್ಟಳು. ಬಾಯಲ್ಲಿದ್ದ ಬೆಲ್ಲವನ್ನು ಉಗುಳಬೇಕೋ ನುಂಗಬೇಕೋ ತಿಳಿಯದೆ ನನ್ನ ಮುಖ ನೋಡಿದಳು. ನುಂಗು, ನಾಳೆಯಿಂದ ಬೇಡ ಎಂದೆ.

ನಾಳೆ ಅಷ್ಟು ಸುಲಭವಾಗಿರಲಿಲ್ಲ. ಬಟ್ಟಲು ಅಟ್ಟಕ್ಕೆ ಹೋಯಿತು. ಫೋನು ಕೂಗಿತು. ತಂಗಿ ಲೋಟ ಹಿಡಿದು ಕೂತಳು, ಕುಡಿಯಲಿಲ್ಲ, ಥೇಟ್ ನಮ್ಮಪ್ಪನ ಹಾಗೆ.

“ಬರೀ ನೀರು ನೋಡಿದ್ರ, ಯಾರಿಗೋ ನನ್ನ ಮ್ಯಾಲ ಸಿಟ್ಟು ಬಂದೈತಿ ಅನಸ್ತೈತಿ ಯಕ್ಕಾ,” ಎಂದಳು.

ನಾನೂ ಒಂದು ಲೋಟ ಬರೀ ನೀರು ತುಂಬಿಕೊಂಡು ಅವಳ ಎದುರಿಗೆ ಕೂತೆ. “ನಂಗ ನಿನ್ನ ಮ್ಯಾಲ ಸಿಟ್ಟಿಲ್ಲ. ಕುಡಿ,” ಎಂದೆ. ಇಬ್ಬರೂ ಕುಡಿದೆವು. ಎಷ್ಟೋ ವರ್ಷಗಳ ಮೇಲೆ ನನಗೂ ಅದರ ರುಚಿ ಹೊಸದಾಗಿತ್ತು, ಏನೂ ರುಚಿಯಿರಲಿಲ್ಲ.

ಊರಿಗೆ ಮರಳಿದ ಮೇಲೂ ಹಾಗೆಯೇ ನಡೆಯಿತು. ಊಟಕ್ಕೆ ಮುಂಚಿನ ಲೋಟಕ್ಕೆ ಅವಳು ಫೋನು ಮಾಡುವಳು, ನಾನು ಇಲ್ಲಿ ಲೋಟ ಎತ್ತುವೆ, ಅವಳು ಅಲ್ಲಿ. ಗಂಟೆಗೊಮ್ಮೆ ಕೂಗುವುದನ್ನು ಶಾಂಭವಿ ನಿಲ್ಲಿಸಿದಳು, ಬಾಯಾರಿದಾಗ ಕುಡಿದರೆ ಸಾಕು ಎಂದಳು. ಸಂಜೆ ಅತ್ತೆಯ ಕೈ ಹಿಡಿದು ಓಣಿಯ ಕೊನೆಯವರೆಗೆ ನಡೆಸಿದಳು. ತೂಕ ಜಗಳಗಂಟಿಯ ಹಾಗೆ ಹಟ ಮಾಡುತ್ತ ಇಳಿಯಿತು. ಒಂದು ತಿಂಗಳು ಇಳಿದರೆ ಇನ್ನೊಂದು ತಿಂಗಳು ನಿಂತಲ್ಲೇ ನಿಲ್ಲುವುದು. ಶ್ರಾವಣ ದಾಟಿಹೋಯಿತು. ದೀಪಾವಳಿಯ ಹೊತ್ತಿಗೆ ಡಾಕ್ಟರು ಆಪರೇಷನ್ ಸದ್ಯಕ್ಕೆ ಬೇಡ ಎಂದರು. ಎಂಟು ಇನ್ನೂ ಆಗಿರಲಿಲ್ಲ, ಆರಾಗಿತ್ತು.

ಕಾರ್ತಿಕದ ಒಂದು ಸೋಮವಾರ ನಾನು ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಬಸ್ಸು ಬಂತು. ಶಾಂಭವಿ ಮೊದಲು ಇಳಿದು ಕೈ ಚಾಚಿದಳು. ತಂಗಿ ಆ ಕೈಯನ್ನು ಸರಿಸಿ, ಸರಳು ಹಿಡಿದು, ಒಂದು ಕಾಲಿಟ್ಟು ಇನ್ನೊಂದು ಕಾಲಿಟ್ಟು ತಾನೇ ಇಳಿದಳು. ಹತ್ತಿದ್ದೂ ತಾನೇ ಎಂದು ನನಗೆ ಎರಡು ಸಲ ಹೇಳಿದಳು. ಕಂಡಕ್ಟರಿಗೂ ಒಮ್ಮೆ ಹೇಳಿದಳು.

ಗುಡಿ ಮುಗಿಸಿ ಮನೆಗೆ ಬಂದು, ಜಗಲಿಯ ಮೇಲೆ ತನ್ನ ಜಾಗದಲ್ಲಿ ಕೂತಳು. ನಾನು ಒಳಗೆ ಹೋಗಿ, ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಕೊನೆಗೆ ತಂಬಿಗೆಯ ಜೊತೆ ಬೆಲ್ಲವನ್ನೂ ತಂದಿಟ್ಟೆ. ಮನೆಗೆ ಬಂದ ತಂಗಿಗೆ ಬರೀ ನೀರು ಕೊಡಲು ನನ್ನ ಕೈಯಿಂದ ಆಗಲಿಲ್ಲ. ಶಾಂಭವಿ ಬೆಲ್ಲದ ಬಟ್ಟಲನ್ನು ನೋಡಿದಳು.

ತಂಗಿ ಮೊದಲು ಬರೀ ನೀರನ್ನೇ ಕುಡಿದು ಮುಗಿಸಿದಳು. ತಂಬಿಗೆ ಕೆಳಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ಬಟ್ಟಲಿನಿಂದ ಎಲ್ಲಕ್ಕಿಂತ ಸಣ್ಣ ತುಣುಕು ಆರಿಸಿ ಸೊಸೆಗೆ ಎತ್ತಿ ತೋರಿಸಿದಳು.

“ಇದು ನೀರಿನ ಲೆಕ್ಕ ಅಲ್ಲ, ಶಾಂಭವಿ. ಬಂದಿದ್ದಕ್ಕ,” ಎಂದು ಬಾಯಿಗೆ ಹಾಕಿಕೊಂಡಳು.

ನಾನು ಶೇಂಗಾದ ಮೊರ ತರಲು ಒಳಗೆ ಹೋದೆ.