ಬಾಯಲ್ಲಿ ನೀರೂರುವ ಹೊತ್ತು

ನಮ್ಮ ಯಜಮಾನರು ಬೇಕರಿ ನಡೆಸುವವರು. ಬ್ರೆಡ್ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಅವರಿಗಿದ್ದದ್ದು ಒಂದೇ ಉಪಾಯ: ಬಾಯಲ್ಲಿ ನೀರೂರಬೇಕು. ಒಲೆಯ ಮುಂದೆ ಸ್ಟೂಲ್ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು. ನೀರೂರಿತೋ, ಎದ್ದು ಟ್ರೇ ಎಳೆಯುತ್ತಿದ್ದರು. ಇಪ್ಪತ್ತಾರು ವರ್ಷದಲ್ಲಿ ಒಂದು ಬ್ರೆಡ್ಡೂ ಸೀದಿರಲಿಲ್ಲ. ಮಾವನವರೂ ಹಾಗೇ ಮಾಡುತ್ತಿದ್ದರಂತೆ. ಅವರ ಹೊಟ್ಟೆಯೂ ನಮ್ಮವರ ಹೊಟ್ಟೆಯಷ್ಟೇ ದೊಡ್ಡದಿತ್ತು.

ಗಡಿಯಾರ ಯಾಕಿಲ್ಲ ಅಂತ ನನ್ನನ್ನು ಕೇಳಬೇಡಿ, ಹೇಳಿ ಹೇಳಿ ಸಾಕಾಗಿದೆ. ನಮ್ಮದು ಇಟ್ಟಿಗೆಯ ಸೌದೆ ಒಲೆ. ಸೌದೆ ಹಸಿಯಿದ್ದ ದಿನ ಒಂದು ಲೆಕ್ಕ, ಒಣಗಿದ ದಿನ ಇನ್ನೊಂದು. ನಡುವೆ ಬಾಗಿಲು ತೆಗೆದು ಇಣುಕಿದರೆ ಉಬ್ಬಿದ ಬ್ರೆಡ್ ಕುಸಿದು ಕೂರುತ್ತದೆ. ನಾನೊಮ್ಮೆ ಟೈಮರ್ ತಂದಿಟ್ಟೆ. ಅದು ತನ್ನ ಪಾಡಿಗೆ ಬಡಿದುಕೊಂಡಿತು, ಒಲೆ ಕ್ಯಾರೇ ಅನ್ನಲಿಲ್ಲ.

ಹೀಗಿರುವಾಗ ನಮ್ಮವರಿಗೆ ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬರಲು ಶುರುವಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿಸಿ, "ಈ ತೂಕ ಹೊತ್ಕೊಂಡು ನಿಮ್ಮ ಹಾರ್ಟ್ ಬಹಳ ದಿನ ಓಡಲ್ಲ," ಎಂದರು. ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ನೋಡಲು ಪೆನ್ನಿನಂತಿತ್ತು. ಹೊಟ್ಟೆಗೆ ಚುಚ್ಚಬೇಕು, ಹಸಿವು ಕಮ್ಮಿಯಾಗುತ್ತದೆ, ತೂಕ ಇಳಿಯುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಈ ಮನುಷ್ಯ ಇಲ್ಲದಿದ್ದರೆ ನಾನು ಯಾರ ಮೇಲೆ ರೇಗಲಿ?

ಪೆನ್ನು ಫ್ರಿಜ್ಜಿನಲ್ಲಿ ಬೆಣ್ಣೆಯ ಪಕ್ಕ ಕೂತಿತು. ಪ್ರತಿ ಗುರುವಾರ ನಾನೇ ಚುಚ್ಚುತ್ತಿದ್ದೆ. ಔಷಧಿ ಹೇಳಿದ ಕೆಲಸ ಹೇಳಿದ ಹಾಗೆ ಮಾಡಿತು. ಮೂರು ತಿಂಗಳಲ್ಲಿ ಒಂಬತ್ತು ಕೆಜಿ ಇಳಿಯಿತು. ಅದೇ ಮೂರು ಮೆಟ್ಟಿಲನ್ನು ನಮ್ಮವರು ಮಾತಾಡುತ್ತಾ ಹತ್ತಿದರು.

ಬ್ರೆಡ್ ಸೀಯತೊಡಗಿತು.

ಮೊದಲನೇ ದಿನ ಸೌದೆಯನ್ನು ಬೈದರು. ಎರಡನೇ ದಿನ ಹಿಟ್ಟನ್ನು. ಮೂರನೇ ದಿನ ನನ್ನನ್ನು. ದಿನಾ ಬರುವ ರಿಟೈರಾದ ಮೇಷ್ಟ್ರು ಬ್ರೆಡ್ಡನ್ನು ತಿರುಗಿಸಿ ಬೆರಳಿಂದ ಕುಟ್ಟಿ ನೋಡಿ, "ಇದು ತಿನ್ನೋದಕ್ಕಾ, ಗೋಡೆ ಕಟ್ಟೋದಕ್ಕಾ?" ಎಂದು ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು.

ಒಂದು ಬುಧವಾರ ನಮ್ಮವರು ಕರಿ ಟ್ರೇಗಳ ಮುಂದೆ ಕೂತಿದ್ದರು.

"ನೀರೂರ್ತಿಲ್ಲ ಕಣೇ," ಎಂದರು. "ವಾಸನೆ ಬರುತ್ತೆ. ಆದ್ರೆ ಬೇಕು ಅನ್ಸಲ್ಲ. ಯಾರದೋ ಮನೆ ಬ್ರೆಡ್ ಅನ್ಸುತ್ತೆ. ನಾಳೆ ಚುಚ್ಚೋದು ಬೇಡ."

"ಡಾಕ್ಟರಮ್ಮ ಹೇಳಿದ್ದು ಮರೆತೋಯ್ತಾ?"

"ಬ್ರೆಡ್ ಬೇಯ್ಸಕ್ಕೆ ಬರದಿದ್ರೆ ಬದುಕಿದ್ದು ಏನ್ ಮಾಡ್ಲಿ?"

ನನಗೆ ಪಿತ್ತ ನೆತ್ತಿಗೇರಿತು. "ಏನ್ ಮಾಡ್ತೀರಾ? ನನ್ ಜೊತೆ ಇರ್ತೀರಾ! ಅದೇನು ಕೆಲಸ ಅಲ್ವಾ? ನಾಳೆ ಆ ಸ್ಟೂಲ್ ಮೇಲೆ ನಾನ್ ಕೂರ್ತೀನಿ. ನನ್ ಬಾಯಿಗೇನು ಬರ ಬಂದಿಲ್ಲ. ನೀರೂರಿದ ತಕ್ಷಣ ಹೇಳ್ತೀನಿ, ನೀವ್ ಎಳೀರಿ."

ಅವರು ಟ್ರೇಯನ್ನು ಬದಿಗೆ ತಳ್ಳಿದರು. "ಸರಿ. ಟ್ರೇ ಸರಿಯಾಗಿ ಬಂದ್ರೆ ಚುಚ್ಚು. ಸೀದ್ರೆ ಪೆನ್ನು ಕಸದ ಬುಟ್ಟಿಗೆ."

ಗುರುವಾರ ಬೆಳಗ್ಗೆ ಸ್ಟೂಲ್ ಮೇಲೆ ಕೂತೆ. ಕಣ್ಣು ಮುಚ್ಚಿದೆ. ಒಳಗೆ ಹನ್ನೆರಡು ಬ್ರೆಡ್ ಬೇಯುತ್ತಿದ್ದವು. ಹುಳಿ ಹಿಟ್ಟಿನ ವಾಸನೆ ಹೋಗಿ ಘಮ ಶುರುವಾಯಿತು. ಅವರು ಕೈಗೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲೇ ನಿಂತಿದ್ದರು.

"ಹಸಿವಾಗ್ತಿದೆಯಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅತ್ತೆ, ಮಾವ, ಮೈದುನ ಇದ್ದ ಕಾಲದಿಂದಲೂ ಎಲ್ಲರೂ ಉಂಡ ಮೇಲೆ, ಶಟರ್ ಎಳೆದ ಮೇಲೆ ನಾನು ತಿನ್ನುವುದು. ಮಿಕ್ಕಿದ್ದು, ಮುರಿದದ್ದು, ಬ್ರೆಡ್ಡಿನ ತುದಿ. ದಂಡವಾಗಬಾರದು ಅಂತ ತಿನ್ನುತ್ತಿದ್ದೆ. ಹಸಿದು ತಿಂದದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳುತ್ತಾ ಕೂತೆ.

"ಲೇ, ಆಗ್ತಿದೆಯಾ?"

"ತಡೀರಿ, ನೋಡ್ತಿದ್ದೀನಿ."

"ಅದ್ರಲ್ಲಿ ನೋಡೋದೇನೇ? ಆಗುತ್ತೆ, ಇಲ್ಲಾಂದ್ರೆ ಇಲ್ಲ."

ಅಷ್ಟರಲ್ಲಿ ಹೊಗೆ ಬಂತು. ಟ್ರೇ ಎಳೆದಾಗ ಹನ್ನೆರಡೂ ಇದ್ದಿಲಾಗಿದ್ದವು.

ನನಗೆ ಅಳು ತಡೆಯಲಾಗಲಿಲ್ಲ. "ಗೊತ್ತಾಗ್ಲಿಲ್ಲ ರೀ. ಹಸಿವು ಹೇಗಿರುತ್ತೆ ಅಂತಲೇ ಗೊತ್ತಾಗ್ಲಿಲ್ಲ. ಯಾವತ್ತೂ ಕೊನೇಲಿ ತಿಂದು ತಿಂದು..."

ಅವರು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿಟ್ಟರು. ಇಷ್ಟು ದಿನ ತಾನು ಯಾವುದನ್ನು ಕಳೆದುಕೊಂಡೆ ಎಂದು ಅವರು ಒದ್ದಾಡುತ್ತಿದ್ದರೋ ಅದು ನನ್ನ ಬಳಿ ಇರಲೇ ಇಲ್ಲ ಎಂಬುದು ಅವರಿಗೆ ಆಗ ಹೊಳೆದಿರಬೇಕು. ಹೋಗಿ ಫ್ರಿಜ್ ತೆಗೆದರು. ಪೆನ್ನು ಬುಟ್ಟಿಗೆ ಹೋಯಿತು ಅಂದುಕೊಂಡು ಮುಖ ತಿರುಗಿಸಿದೆ.

ತಂದದ್ದು ಬೆಣ್ಣೆಯನ್ನೂ ಪೆನ್ನನ್ನೂ. ನಿನ್ನೆಯ ಬ್ರೆಡ್ಡಿನಲ್ಲಿ ಸೀಯದ ಒಂದನ್ನು ಹುಡುಕಿ, ತುದಿ ಕತ್ತರಿಸಿ ಬದಿಗೆಸೆದು, ನಡುವಿನ ಎರಡು ಚೂರಿಗೆ ಬೆಣ್ಣೆ ಸವರಿ ನನ್ನ ಮುಂದಿಟ್ಟರು.

"ಇನ್ಮೇಲೆ ಹೊತ್ತುಹೊತ್ತಿಗೆ ತಿನ್ನು. ದಿನಾ ಬೆಳಗ್ಗೆ ಒಲೆ ಮುಂದೆ ಕೇಳ್ತೀನಿ. ನಿಂಗೆ ಗೊತ್ತಾಗೋವರೆಗೂ ಕೇಳ್ತೀನಿ."

"ಇನ್ನೂ ಎಷ್ಟು ಟ್ರೇ ಸೀಯುತ್ತೋ."

"ಸೀಯಲಿ. ಕೇಳಕ್ಕೆ ನಾನ್ ಇರ್ಬೇಕಲ್ಲ," ಎಂದು ಅಂಗಿ ಎತ್ತಿದರು.

ನಾನು ಪೆನ್ನಿಗೆ ಕೈಹಾಕಿದೆ.

"ಮೊದ್ಲು ತಿನ್ನು," ಎಂದರು.