ರಂಜಿತ ಬರೆಯದ ವಾರ

ನಮ್ಮಣ್ಣ ಚಿಕ್ಕಸ್ವಾಮಿ ಹಾವಿಗೆ ಹೆದರುವವನಲ್ಲ, ಪಂಪ್‌ಸೆಟ್ಟಿನ ಕರೆಂಟಿಗೂ ಹೆದರುವವನಲ್ಲ. ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೋ ಎಂಬ ಒಂದು ಯೋಚನೆಗೆ ಮಾತ್ರ ಅವನ ಕೈಕಾಲು ತಣ್ಣಗಾಗುತ್ತವೆ. ಮಗಳು ರಂಜಿತಳಿಗೆ ಪಾಂಡವಪುರದ ಕಡೆಯಿಂದ ಸಂಬಂಧ ಬಂದಾಗ ಅವನು ಮಾಡಿದ ಮೊದಲ ಕೆಲಸ ಅವಳ ಬರವಣಿಗೆ ನಿಲ್ಲಿಸಿದ್ದು.

ಬರವಣಿಗೆ ಅಂದರೆ ಬ್ಲಾಗು. ರಂಜಿತ ಅಕ್ಕಿಹೆಬ್ಬಾಳಿನಿಂದ ದಿನಾ ಕೆ.ಆರ್. ಪೇಟೆಗೆ ಹೋಗಿ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ ಬಂದು, ಜಡೆ ಹೆಣೆದುಕೊಂಡು ಜಗಲಿಯ ಮೇಲೆ ಮೊಬೈಲು ಹಿಡಿದು ಕೂರುತ್ತಾಳೆ. ಊರ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುವ ತನಕ ಬರೆಯುವುದು, ಕೇಳಿದ ಕೂಡಲೇ ಎಷ್ಟಾಗಿದೆಯೋ ಅಷ್ಟನ್ನು ಬ್ಲಾಗಿಗೆ ಹಾಕಿ ಓಡುವುದು. ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ತಿರುಗಿ ನೋಡುವ ಪೈಕಿ ಅಲ್ಲ. ಜ್ವರ ಬಂದ ದಿನವೂ ಜ್ವರದ ಬಗ್ಗೆ ಬರೆದಿದ್ದಳು.

ನಾನು ಅವಳ ಸೋದರತ್ತೆ ಪ್ರಮೀಳಾ, ಕೆ.ಆರ್. ಪೇಟೆಯಲ್ಲೇ ಹೈಸ್ಕೂಲಿನ ಕನ್ನಡ ಟೀಚರು. ಅವಳ ಮೊದಮೊದಲ ಬರಹ ಓದಿ ನಕ್ಕಿದ್ದೆ. ‘ಇವತ್ತು ಮೋಡ ಇದೆ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ.’ ಮರುದಿನ, ‘ಇವತ್ತೂ ಮೋಡ.’

“ಏನವ್ವಾ, ಹವಾಮಾನ ಇಲಾಖೆಗೆ ಸೇರ್ಕಂಡಾ?” ಅಂದೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ, ನಿಲ್ಲಿಸಲೂ ಇಲ್ಲ. ‘ಹಾಡ್ತಾ ಹಾಡ್ತಾ ರಾಗ’ ಅನ್ನುವ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪ್ರತಿ ವರ್ಷ ಪರೀಕ್ಷೆಯಲ್ಲಿ ಕೇಳುವವಳು ನಾನು. ಅದನ್ನು ಕಣ್ಣಾರೆ ಕಂಡದ್ದು ಈ ಹುಡುಗಿಯಲ್ಲಿ. ಬರೀ ಮೋಡ ಕಾಣುತ್ತಿದ್ದವಳಿಗೆ ಆಮೇಲೆ ಮೋಡದ ಕೆಳಗಿನವರು ಕಾಣತೊಡಗಿದರು. ಬಸ್ಸಿನಲ್ಲಿ ತೂಕಡಿಸುತ್ತಿದ್ದ ಅಜ್ಜಿಯೊಬ್ಬಳು ನಿದ್ದೆಯಲ್ಲೂ ಕೋಳಿಯ ಕಾಲು ಬಿಡದೆ ಹಿಡಿದಿದ್ದನ್ನು ಬರೆದಳು. ‘ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಲಾರಿ ಅಡ್ಡ ಸಿಕ್ಕರೆ ಇಡೀ ಬಸ್ಸಿಗೆ ತಾಳ್ಮೆ ಬರುತ್ತದೆ, ಡ್ರೈವರಿಗೊಬ್ಬನಿಗೆ ಬರುವುದಿಲ್ಲ’ ಎಂದು ಬರೆದಳು. ಇಂಥ ಒಂದು ವಾಕ್ಯ ಬರೆಯಲು ನಾನು ಒಳ್ಳೆಯ ಗಳಿಗೆ ಬರಲಿ ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ. ಗಳಿಗೆ ನಮ್ಮನೆ ದಾರಿ ಮರೆತಿದೆ.

ಇನ್ನೊಂದು ಬದಲಾವಣೆಯೂ ಆಯಿತು. ಮೊದಲು ಅವಳನ್ನು ಏನು ಕೇಳಿದರೂ “ಯಾವ್ದಾದ್ರೂ ಸರಿ” ಅನ್ನುತ್ತಿದ್ದಳು. ದಿನಾ ಬರೆಯತೊಡಗಿದ ಮೇಲೆ ಸೀರೆ ಅಂಗಡಿಯಲ್ಲಿ ನಾನು ಎರಡು ಸೀರೆ ತೋರಿಸಿದರೆ, “ಎರ್ಡೂ ಚೆನ್ನಾಗಿಲ್ಲ ಅತ್ತೆ” ಅಂದು ಮೂರನೆಯದಕ್ಕೆ ಕೈ ಹಾಕುವಂತಾದಳು.

ಇಂಥವಳನ್ನು ನಮ್ಮಣ್ಣ ಕೂರಿಸಿ ಹೇಳಿದ. “ಮುಂದಿನ ಭಾನುವಾರ ಎಣ್ಣು ನೋಡಕ್ಕೆ ಬರ್ತಾವ್ರೆ. ಅಲ್ಲೀಗಂಟ ಅದೇನೋ ಬರೆಯೋದ ನಿಲ್ಸುಬುಡವ್ವ. ದಿನ ಬೆಳಗಾದ್ರೆ ಮನೆ ಸುದ್ದಿ ಊರಿಗೆ ಸಾರೋ ಎಣ್ಣ ಯಾರು ಮಾಡ್ಕತಾರೆ?”

“ಒಂದು ವಾರ ತಾನೆ?” ಅಂದಳು ರಂಜಿತ.

ಆ ವಾರ ಅವಳು ಜಗಲಿಯ ಮೇಲೆ ಕೂತು ಸುಮ್ಮನೆ ರಸ್ತೆ ನೋಡುತ್ತಿದ್ದಳಂತೆ. ಗುರುವಾರ ಸಂಜೆ ನಮ್ಮ ಮನೆಗೆ ಬಂದಾಗ ಮುಖ ಬಾಡಿತ್ತು. “ಕಂಡಿದ್ದು ಯಾವ್ದೂ ಒಳಗೆ ನಿಲ್ತಿಲ್ಲ ಅತ್ತೆ. ಗಂಡಿನ ಫೋಟೋ ತೋರ್ಸಿದ್ರು. ಇಷ್ಟ ಆಯ್ತಾ ಇಲ್ವಾ ಅಂತ್ಲೂ ತಿಳೀತಿಲ್ಲ” ಅಂದಳು. ನನಗೆ ಅಣ್ಣನ ಮೇಲೆ ಕೆಟ್ಟ ಕೋಪ ಬಂತು.

ಭಾನುವಾರ ನಾನೂ ಅಣ್ಣನ ಮನೆಗೆ ಹೋಗಿದ್ದೆ. ಗಂಡಿನ ಕಡೆಯವರು ಬಂದರು. ಗಂಡು ರಘುನಂದನ್, ಅವನ ತಾಯಿ ಪುಟ್ಟತಾಯಮ್ಮ, ಸಂಬಂಧ ಕುದುರಿಸಲು ಓಡಾಡುತ್ತಿದ್ದ ಕೆಂಪಣ್ಣ. ಹುಡುಗ ಲಕ್ಷಣವಾಗಿದ್ದ, ಮಾತು ಮೆದು, ಮೈಸೂರಿನಲ್ಲಿ ಕೆಲಸ. ಕೇಸರಿಬಾತು, ಖಾರಾಬೂಂದಿ, ಕಾಫಿ ಆಯಿತು. ರಂಜಿತ ಬಂದು ನಮಸ್ಕಾರ ಮಾಡಿ ಕೂತಳು. ಯಾರೂ ಕೇಳದೆಯೇ ನಮ್ಮಣ್ಣ ಶುರು ಮಾಡಿದ.

“ಮೊಬೈಲ್ನಲ್ಲಿ ಏನೋ ಬರೀತಿದ್ಲು, ನಿಮ್ಮ ಕಿವಿಗೂ ಬಿದ್ದಿರ್ಬೋದು. ಈಗ ಅದ್ನೆಲ್ಲ ಬುಟ್ಬುಟ್ಟವ್ಳೆ. ಅವ್ಳಿಗೇ ಬ್ಯಾಡ ಅನ್ಸುಬುಡ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೆ. ಇವನು ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡಿದ್ದ.

ಪುಟ್ಟತಾಯಮ್ಮ ಕಾಫಿ ಲೋಟ ಕೆಳಗಿಟ್ಟರು. “ಬುಟ್ಬುಟ್ಲಾ? ಅಯ್ಯೋ, ಅದ್ಯಾಕಣ್ಣ? ಒಂದ್ವಾರದಿಂದ ಏನೂ ಬರ್ಲಿಲ್ವಲ್ಲ, ಮಗೀಗೆ ಉಸಾರಿಲ್ವೇನೋ ಅಂತ ನಾನು ಒದ್ದಾಡ್ಕಂಡು ಬಂದೀವ್ನಿ. ಬೆಳಿಗ್ಗೆ ಕಾಫಿ ಕುಡೀತಾ ಅದ ಓದ್ದೆ ಇದ್ರೆ ನನ್ಗೆ ಬೆಳಗೇ ಆಗಲ್ಲ. ಈ ಎಣ್ಣೇ ಬೇಕು ಅಂತ ಕೆಂಪಣ್ಣುನ್ ಅಟ್ಟಿದ್ದೇ ನಾನು!”

ಇದನ್ನು ನಮಗೆ ಹೇಳದೆಯೇ ಇದ್ದ ಕೆಂಪಣ್ಣ ಛಾವಣಿ ನೋಡಿದ. ಅಣ್ಣನ ಮುಖ ಕೆಂಪಾಗಿ, ಬಿಳಿಯಾಗಿ, ಮತ್ತೆ ಕೆಂಪಾಯಿತು. “ಬರೀತಾಳೆ, ಬರೀತಾಳೆ. ಬುಡ್ತಾಳಾ? ನೀವು ಊಂ ಅಂದ್ರೆ ಈಗ್ಲೇ ಬರೀತಾಳೆ” ಅಂದ.

ಆಗ ರಘುನಂದನ್ ನಕ್ಕು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. “ಬರೀಲಿ, ನಂದೇನೂ ಅಡ್ಡಿಯಿಲ್ಲ. ಆದ್ರೆ ದಿನಾ ಯಾತಕ್ಕೆ? ಚೆನ್ನಾಗಿರೋದು ಒಳೆದಾಗ ವಾರಕ್ಕೊಂದು ಬರುದ್ರೆ ಸಾಕು. ಆಕೋ ಮುಂಚೆ ನನ್ಗೊಂದ್ಸಲ ತೋರ್ಸುದ್ರಾಯ್ತು.”

ಎಲ್ಲರಿಗೂ ಅದು ನ್ಯಾಯದ ಮಾತಾಗಿ ಕಂಡಿತು. ನಮ್ಮಲ್ಲಿ ಇಂಥ ಹೊತ್ತಿನಲ್ಲಿ ಹೆಣ್ಣು ತಲೆ ತಗ್ಗಿಸಿ ಒಳಗೆ ಹೋಗಬೇಕು. ಒಪ್ಪಿಗೆಯೋ ಅಲ್ಲವೋ ಎಂಬುದನ್ನು ನಾಲ್ಕು ದಿನ ಬಿಟ್ಟು ಕೆಂಪಣ್ಣನಂಥವರು ತಿಳಿಸುತ್ತಾರೆ. ರಂಜಿತ ಏಳಲಿಲ್ಲ.

“ಈ ಒಂದು ವಾರ ಬುಟ್ಟು ನೋಡ್ದೆ,” ಅಂದಳು. “ನನ್ಗೇನ್ ಅನ್ಸುತ್ತೆ ಅಂತ ನನ್ಗೇ ತಿಳೀದಂಗಾಗೋಯ್ತು. ಚೆನ್ನಾಗಿರೋದು ಒಳೆಯೋದು ದಿನಾ ಕೂತ್ರೇನೆ. ನಾನು ಬರ್ದಿದ್ರಲ್ಲಿ ಮುಕ್ಕಾಲು ಭಾಗ ಚೆನ್ನಾಗಿಲ್ಲ, ಅದು ನನ್ಗೂ ಗೊತ್ತು. ಅದ್ನ ಬರೀದೆ ಇದ್ದಿದ್ರೆ ಉಳಿದ ಕಾಲು ಭಾಗಾನೂ ಬರ್ತಿರ್ಲಿಲ್ಲ. ನೀವು ಒಳ್ಳೆಯವ್ರೇ. ಆದ್ರೆ ಇನ್ನೊಬ್ರು ನೋಡಿ ಊಂ ಅಂದ್ಮೇಲೆ ಆಕೋದು ನನ್ ಕೈಲಾಗಲ್ಲ. ಅದ್ಕೇ ಈ ಸಂಬಂಧ ಬ್ಯಾಡ ಅನ್ಸುತ್ತೆ.”

ದನಿ ಏರಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ. ‘ಯಾವ್ದಾದ್ರೂ ಸರಿ’ ಅನ್ನುತ್ತಿದ್ದ ಕೂಸು! ಎದ್ದು ತಬ್ಬಿಕೊಳ್ಳಬೇಕು ಅನ್ನಿಸಿತು. ಅಣ್ಣನ ಮುಖ ನೋಡಿ ಸುಮ್ಮನೆ ಕೂತೆ.

ಹೊರಡುವಾಗ ಪುಟ್ಟತಾಯಮ್ಮ ಅವಳ ಕೈ ಹಿಡಿದರು. “ನನ್ ಮಗ ಕಳ್ಕಂಡ. ನಾನ್ಯಾಕೆ ಕಳ್ಕಳ್ಳಿ? ನಾಳೆ ಬರೀ ಮಗಾ” ಅಂದು ಕಾರು ಹತ್ತಿದರು.

ಆ ರಾತ್ರಿ ಬಡಿಸಿದ ಮುದ್ದೆಯನ್ನು ಅಣ್ಣ ಮುರಿದು, ತಿನ್ನದೆ ಹಾಗೇ ಎದ್ದ.

ಸೋಮವಾರ ಅಲ್ಲಿಂದಲೇ ಶಾಲೆಗೆ ಹೋಗೋಣವೆಂದು ನಾನು ಉಳಿದಿದ್ದೆ. ಬೆಳಿಗ್ಗೆ ರಂಜಿತ ಜಗಲಿಯ ಮೇಲೆ ಕೂತು ಬರೆಯುತ್ತಿದ್ದಳು. ಮೊದಮೊದಲು ಬೆರಳು ತಡವರಿಸಿತು, ಆಮೇಲೆ ಓಡಿತು. ಅಣ್ಣ ಹಿಂಡಿ ಕಲಸುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದ. ಕೊನೆಗೆ ತಡೆಯಲಾರದೆ, “ನಿನ್ನೇದ್ನೇ ಬರ್ದಿದ್ದೀಯಾ? ಒಸಿ ಓದವ್ವ, ಕೇಳಾನ” ಅಂದ. ಅವನು ಹಾಗೆ ಕೇಳಿದ್ದು ಅದೇ ಮೊದಲು.

ಅವಳು ಓದಿದಳು. ಪುಟ್ಟತಾಯಮ್ಮನ ಕಾಫಿ ಲೋಟ, ಕೆಂಪಣ್ಣ ನೋಡಿದ ಛಾವಣಿ ಎಲ್ಲ ಇತ್ತು. ಕೊನೆಯಲ್ಲಿ ಹೀಗಿತ್ತು: ‘ನಮ್ಮಪ್ಪ ನಿನ್ನೆ ನನ್ನ ಬಗ್ಗೆ ಒಂದು ಸುಳ್ಳು ಹೇಳಿದರು. ನನ್ನನ್ನು ಯಾರೂ ಬೇಡ ಅನ್ನಬಾರದು ಅನ್ನುವ ಭಯಕ್ಕೆ ಹೇಳಿದರು. ಅವರು ಅಷ್ಟು ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.’

ಅಣ್ಣ ಹಿಂಡಿಯ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡ.

“ಆ ಸುಳ್ಳು ಅನ್ನೋದೊಂದ ತೆಗೀಬೋದಾ?” ಅಂದ.

“ಇಲ್ಲಪ್ಪ.”

“ಸರಿ ಬುಡು,” ಅಂದ ಅಣ್ಣ. “ಇರ್ಲಿ. ಆಕು.”