ಮೊರಾವಾ ದಂಡೆಯ ಸ್ತಾಮೆನಾ

ಸ್ತಾಮೆನಾ ಗ್ರುಯಿಚ್ ರಸ್ತೆಯಲ್ಲಿ ನಡೆಯುವಾಗ ವಾಹನಗಳಿಗೆ ಎಂದೂ ಬೆನ್ನು ಕೊಡುತ್ತಿರಲಿಲ್ಲ. ಎಷ್ಟೇ ಸುತ್ತಾಗಲಿ, ಮಂಜು ಹೆಪ್ಪುಗಟ್ಟಿ ಕಾಲು ಜಾರುವಂತಿರಲಿ, ವಾಹನಗಳು ಎದುರಾಗಿ ಬರುವ ಬದಿಯನ್ನೇ ಹಿಡಿದು, ಎಡಗಾಲನ್ನು ತುಸು ಹೊರಕ್ಕೆ ಎಸೆಯುತ್ತ, ಒಂದೊಂದು ಕಾರಿನ ಗಾಜಿನೊಳಗೂ ಕಣ್ಣು ಹಾಯಿಸುತ್ತ ನಡೆಯುವಳು. ಪರಊರಿನವರು ಅದನ್ನು ಅಹಂಕಾರವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ನಮಗೆ ಕಾರಣ ಗೊತ್ತಿತ್ತು. ಒಂದು ಚಳಿಗಾಲದ ಮಧ್ಯಾಹ್ನ, ನಗರಸಭೆಯ ಎದುರಿನ ಬೀದಿಯಲ್ಲಿ, ನಂಬರಿಲ್ಲದ ಜೀಪೊಂದು ಹಿಂದಿನಿಂದ ಬಂದು ಅವಳನ್ನು ಚರಂಡಿಗೆ ಎತ್ತಿಹಾಕಿ ನಿಲ್ಲದೆ ಹೋಗಿತ್ತು. ಬೀದಿಯ ಅಂಗಡಿಗಳೆಲ್ಲ ತೆರೆದೇ ಇದ್ದವು; ಕಂಡವರು ಮಾತ್ರ ಒಬ್ಬರೂ ಇರಲಿಲ್ಲ.

ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಳ್ಳುತ್ತಿದ್ದ ತಂದೆಯ ಕಡುನೀಲಿ ಕೋಟನ್ನೇ ಅವಳು ವರ್ಷದ ಬಹುಭಾಗ ತೊಡುತ್ತಿದ್ದಳು. ಗಿಡ್ಡ ದೇಹದ ಹೆಂಗಸು. ಕೋಟು ಹಿಮ್ಮಡಿಯವರೆಗೆ ಇಳಿಬಿದ್ದು, ಭುಜ ಜೋತು, ಗಾಳಿ ಬಂದರೆ ಹಾಯಿಯಂತೆ ಉಬ್ಬುತ್ತಿತ್ತು. ದೂರದಿಂದಲೇ ಗುರುತು ಸಿಗುವ ಆ ಕೋಟಿನಿಂದ ಊರಿಗೊಂದು ಉಪಕಾರವಾಗಿತ್ತು: ಅವಳಿಂದ ತಪ್ಪಿಸಿಕೊಳ್ಳಬೇಕಾದವರಿಗೆ ಬೇಕಾದಷ್ಟು ಸಮಯ ಸಿಗುತ್ತಿತ್ತು. ಸಿಕ್ಕಿಬಿದ್ದವರು ಅವಳ ಪ್ರಶ್ನೆಯನ್ನು ಎದುರಿಸಲೇಬೇಕು. "ಕಂಡದ್ದೋ, ಕೇಳಿದ್ದೋ?" ಸಂತೆಯಲ್ಲಿ ಮೆಣಸಿನಕಾಯಿ ತುಟ್ಟಿಯಾಯಿತೆಂದರೂ ಅದೇ, ನೆರೆಮನೆಯ ಸೊಸೆ ಗಂಡನನ್ನು ಬಿಟ್ಟುಹೋದಳೆಂದರೂ ಅದೇ. ಕೇಳಿದ್ದು ಎಂದರೆ ಅವಳ ಮುಖದಲ್ಲಿ ಆಸಕ್ತಿ ಆರಿಹೋಗುತ್ತಿತ್ತು. ಕಂಡದ್ದು ಎನ್ನುವ ಧೈರ್ಯ ನಮ್ಮ ಊರಿನಲ್ಲಿ ಅಪರೂಪ.

ಮೊದಲು ಅವಳು ಊರಿನ ರೇಡಿಯೊ ಕೇಂದ್ರದಲ್ಲಿ ವರದಿಗಾರ್ತಿಯಾಗಿದ್ದಳು. ಅದನ್ನು ಯಾರೋ ಕೊಂಡರು, ಕೊಂಡವರು ಸುದ್ದಿಯನ್ನು ತೆಗೆದು ಹಾಡುಗಳನ್ನು ಇಟ್ಟುಕೊಂಡರು. ಆಮೇಲೆ ನೀಶ್ ನಗರದ ಒಂದು ಸುದ್ದಿತಾಣಕ್ಕೆ ಬರೆಯತೊಡಗಿದಳು. ಅಲ್ಲಿ ನೇಮಕಾತಿಯಿಲ್ಲ, ರಜೆಯಿಲ್ಲ, ಕಾಲು ಮುರಿದರೆ ವಿಮೆಯಿಲ್ಲ. ಪ್ರಕಟವಾದ ವರದಿಗೆ ಮಾತ್ರ ಕೂಲಿ. ಸರ್ಬಿಯಾದ ಸಣ್ಣ ಊರುಗಳಲ್ಲಿ ಈ ಕಸುಬು ಹಿಡಿದವರ ಬಾಳೆಲ್ಲ ಹೀಗೇ ಇರುವುದರಿಂದ ಅವಳು ಅದನ್ನು ದೂರಿನಂತೆ ಎಂದೂ ಹೇಳಿಕೊಂಡವಳಲ್ಲ. ಒಂದೇ ಹಟ: ತನ್ನ ಹೆಸರಿಲ್ಲದೆ ಒಂದು ಸಾಲೂ ಹೊರಗೆ ಹೋಗಕೂಡದು. ಸಂಪಾದಕನೇ ಹೆದರಿ, ಈ ಬಾರಿ ಹೆಸರು ಬೇಡವೆಂದು ಅಂಗಲಾಚಿದಾಗ, ಮೊಟ್ಟೆಯಿಟ್ಟ ಕೋಳಿಯೂ ಕೂಗಿ ಹೇಳಿಕೊಳ್ಳುತ್ತದೆ, ನಾನೇಕೆ ಅಡಗಲಿ ಎಂದಿದ್ದಳಂತೆ.

ಅವಳನ್ನು ಮುರಿದ ಸುದ್ದಿ ಸ್ಮಶಾನದ್ದು. ನಮ್ಮ ಹಳೆಯ ಸ್ಮಶಾನ ಮೊರಾವಾ ನದಿಯ ತಿರುವಿನಲ್ಲಿದೆ. ಅದರ ಕೆಳಗೆ ದ್ರಾಗುಟಿನ್ ಎಂಬವನ ಯಂತ್ರಗಳು ಹಗಲೂ ರಾತ್ರಿ ನದಿಯ ಒಡಲಿನಿಂದ ಜಲ್ಲಿ ತೋಡುತ್ತಿದ್ದವು. ಅವನು ನಗರಸಭೆಯ ಅಧ್ಯಕ್ಷನ ಭಾವಮೈದುನನಾದ್ದರಿಂದ ಅನುಮತಿಯ ಪ್ರಶ್ನೆ ಏಳುತ್ತಿರಲಿಲ್ಲ. ನದಿ ತನ್ನ ತಳದಲ್ಲಿ ಕಳೆದುಕೊಂಡದ್ದನ್ನು ದಡದಿಂದ ವಸೂಲು ಮಾಡತೊಡಗಿತು. ಹಿಮ ಕರಗಿದ ಒಂದು ವಸಂತದಲ್ಲಿ ದಡ ಕುಸಿದು, ಕೊನೆಯ ಸಾಲಿನ ಸಮಾಧಿಗಳು ಶಿಲುಬೆಗಳ ಸಮೇತ ನೀರಿಗೆ ಜಾರಿದವು. ನಾವು ದಂಡೆಯಲ್ಲಿ ನಿಂತು ನೋಡಿದೆವು, ಶಿಲುಬೆಯ ಗುರುತು ಮಾಡಿಕೊಂಡೆವು, ಮನೆಗೆ ಬಂದು ಬಾಗಿಲು ಹಾಕಿಕೊಂಡೆವು. ಸ್ತಾಮೆನಾ ಬರೆದಳು. ಯಂತ್ರ ಯಾರದು, ದಡಕ್ಕೆ ಎಷ್ಟು ಸಮೀಪ, ಅನುಮತಿ ಎಲ್ಲಿ, ಎಲ್ಲವನ್ನೂ ಬರೆದು, ಕೊನೆಯಲ್ಲಿ ಓದುಗರಿಗೆ ಮುಚ್ಚಿಡಬಾರದೆಂದು ಒಂದು ಸಾಲು ಸೇರಿಸಿದಳು: ಜಾರಿಹೋದ ಸಮಾಧಿಗಳಲ್ಲಿ ಈ ವರದಿಗಾರ್ತಿಯ ತಂದೆಯದೂ ಒಂದು.

ಆ ಸಾಲೇ ಅವಳಿಗೆ ಉರುಳಾಯಿತು. ದ್ರಾಗುಟಿನ್ ತನ್ನ ಮನಸ್ಸಿಗೆ ತೀವ್ರ ವೇದನೆಯಾಯಿತೆಂದು ದೂರದ ರಾಜಧಾನಿಯ ನ್ಯಾಯಾಲಯದಲ್ಲಿ ದಾವೆ ಹೂಡಿದ. ಅವಳು ಮುಂಜಾನೆಯ ಬಸ್ಸು ಹಿಡಿದು ಬೆಲ್‌ಗ್ರೇಡಿಗೆ ಹೋಗುವಳು. ಅಲ್ಲಿ ಅವನ ವಕೀಲನಿಗೆ ಜ್ವರವೆಂದೋ, ಸಾಕ್ಷಿ ಬಂದಿಲ್ಲವೆಂದೋ ವಿಚಾರಣೆ ಮುಂದಕ್ಕೆ ಹೋಗುವುದು. ಕೊನೆಗೊಮ್ಮೆ ಬಾಯಿಬಿಟ್ಟ ವಕೀಲ ವರದಿಯ ಬೇರಾವ ಮಾತನ್ನೂ ಸುಳ್ಳೆನ್ನಲಿಲ್ಲ. ಆ ಕೊನೆಯ ಸಾಲನ್ನು ಓದಿ, ಇದು ವರದಿಯಲ್ಲ, ಮಗಳೊಬ್ಬಳ ಸ್ವಂತ ದ್ವೇಷ ಎಂದ.

ವಿಚಾರಣೆಯ ಆ ದಿನಗಳಲ್ಲೇ ಊರಿನ ತುಂಬ ಸಾವಿನ ಚೀಟಿಗಳು ಅಂಟಿದವು. ಸತ್ತವರ ಭಾವಚಿತ್ರ, ಕಪ್ಪು ಅಂಚು, ಬಂಧುಗಳ ಹೆಸರು ಹೊತ್ತು ಮರಗಳ ಮೇಲೂ ಕಂಬಗಳ ಮೇಲೂ ಇಂಥ ಚೀಟಿಗಳು ನಮ್ಮಲ್ಲಿ ದಿನವೂ ಕಾಣುವಂಥವು. ಅಂದಿನ ಚೀಟಿಯಲ್ಲಿ ಸ್ತಾಮೆನಾಳ ಚಿತ್ರವಿತ್ತು. ಕೆಳಗೆ, 'ದುಃಖತಪ್ತರು: ಯಾರೂ ಇಲ್ಲ.'

ಅದನ್ನು ಮೊದಲು ಕಂಡವಳು ಅವಳ ತಾಯಿ, ಮುದುಕಿ ಮಿಲುಂಕಾ. ರೊಟ್ಟಿ ತರಲು ಹೋದವಳು ಬೇಕರಿಯ ಗೋಡೆಯಲ್ಲಿ ಮಗಳ ಮುಖವನ್ನು ಕಂಡಳು. ಕನ್ನಡಕವಿಲ್ಲದ ಕಣ್ಣಿಗೆ ಅಕ್ಷರ ತಿಳಿಯಲಿಲ್ಲ, ಕಪ್ಪು ಅಂಚು ತಿಳಿಯಿತು. ಒಳಗಿದ್ದವರು ಯಾರೂ ಹೊರಗೆ ಬಂದು ಅವಳ ತೋಳು ಹಿಡಿಯಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದಾಗ ಸ್ತಾಮೆನಾ ತಲೆ ತೊಳೆದುಕೊಂಡು ಬಚ್ಚಲಿನಿಂದ ಬರುತ್ತಿದ್ದಳು. ಮುದುಕಿ ಅವಳ ಕೆನ್ನೆಯನ್ನು, ಕತ್ತನ್ನು, ಒದ್ದೆ ಕೂದಲನ್ನು ಮುಟ್ಟಿ ಮುಟ್ಟಿ ನೋಡಿದಳು.

"ತಲೆ ಒರೆಸ್ಕೋ ಮಗಾ," ಎಂದಳು. "ಶೀತ ಆಗತ್ತೆ."

ಸ್ತಾಮೆನಾ ಕೋಟು ತೊಟ್ಟು ಹೊರಟಳು. ಚೀಟಿಗಳನ್ನು ಕಿತ್ತುಹಾಕುತ್ತಾಳೆಂದು ನಾವೆಲ್ಲ ಪರದೆ ಸರಿಸಿ ಕಾದೆವು. ಅವಳು ಕೆಂಪು ಶಾಯಿಯ ಪೆನ್ನು ತೆಗೆದು ಮರದಿಂದ ಮರಕ್ಕೆ ಹೋಗಿ ತಪ್ಪು ತಿದ್ದಿದಳು. ಹುಟ್ಟಿದ ವರ್ಷ ತಪ್ಪಿತ್ತು, ಸರಿಮಾಡಿದಳು. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು, ಸೇರಿಸಿದಳು. ಕೊನೆಯ ಸಾಲನ್ನು ಮಾತ್ರ ಮುಟ್ಟಲಿಲ್ಲ. ತಾನು ಪರಿಶೀಲಿಸದ ವಿಷಯಕ್ಕೆ ಕೈಹಾಕುವುದು ಅವಳ ಕಸುಬಿನ ರೀತಿಯಲ್ಲ.

ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ತಿಹೊಮಿರ್ ಅವಳ ಶಾಲೆಯ ಜೊತೆಗಾರ. ಕಾಫಿ ತರಿಸಿ, ಬಾಗಿಲು ಮುಂದೆ ಮಾಡಿ, ಸಮಾಧಾನದ ದನಿಯಲ್ಲಿ ಮಾತಾಡಿದ.

"ಯಾರೋ ಹುಡುಗಾಟಕ್ಕೆ ಮಾಡಿರ್ತಾರೆ, ಸ್ತಾಮೆನಾ. ನೀನೂ ಸ್ವಲ್ಪ ನಗೋದು ಕಲಿ."

"ನಗ್ತೀನಪ್ಪ," ಎಂದಳು ಅವಳು. "ಯಾರ ಜೊತೆ ನಗಬೇಕು, ಮೊದಲು ಹುಡುಕಿಕೊಡು."

ಅವನು ಹುಡುಕಲಿಲ್ಲ. ದೂರು ಬರೆದುಕೊಂಡ, ಅಷ್ಟೆ.

ಮಿಲುಂಕಾ ಆ ಬೆಳಗಿನಿಂದ ಚೇತರಿಸಿಕೊಳ್ಳಲಿಲ್ಲ. ಮಗಳು ಹೊರಗೆ ಹೋದರೆ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುವಳು. ಊಟ ಸೇರದು, ನಿದ್ದೆ ಹತ್ತದು. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ತೀರಿಕೊಂಡಳು. ಗಂಡನ ಪಕ್ಕದಲ್ಲಿ ಮಲಗಿಸಿ ಎಂದು ಕೇಳಿಕೊಂಡಿದ್ದಳು. ಆ ಜಾಗ ಈಗ ನದಿಯದಾಗಿತ್ತು. ಹೆದ್ದಾರಿಯ ಆಚೆಯ ಹೊಸ ಸ್ಮಶಾನದಲ್ಲಿ, ಗುರುತಿಲ್ಲದವರ ನಡುವೆ ಗುಂಡಿ ತೋಡಿಸಬೇಕಾಯಿತು. ಸ್ತಾಮೆನಾ ತಾಯಿಯ ಸಾವಿನ ಚೀಟಿಗಳನ್ನು ತಾನೇ ಅಂಟಿಸಿದಳು. ಬರುವವರಿಗೆಂದು ಪದ್ಧತಿಯಂತೆ ಗೋಧಿ ಬೇಯಿಸಿ, ಸಕ್ಕರೆ ಮತ್ತು ಅಕ್ರೋಟು ಬೆರೆಸಿ ದೊಡ್ಡ ಪಾತ್ರೆಯ ತುಂಬ ಇಟ್ಟಳು. ಪಾದ್ರಿ ಬಂದರು, ಗುಂಡಿ ತೋಡಿದವರು ಇದ್ದರು, ದೂರದ ಹಳ್ಳಿಯಿಂದ ಕಿವಿ ಕೇಳದ ಸೋದರಮಾವ ಬಂದ. ಊರಿನವರು ಯಾರೂ ಬರಲಿಲ್ಲ. ಪಾತ್ರೆಯ ಮೇಲಿನ ಸಕ್ಕರೆಯ ಪದರ ಮುರಿಯದೆ ಹಾಗೆಯೇ ಮನೆಗೆ ಮರಳಿತು.

ಎರಡು ದಿನದ ಮೇಲೆ ನೆರೆಮನೆಯ ಹೆಂಗಸು ಬೇಲಿಯ ಬಳಿ ಸಿಕ್ಕಿ, ನೆಲ ನೋಡುತ್ತ ಹೇಳಿದಳು: "ಮತ್ತೆ ಅದೇ ಥರ ಚೇಷ್ಟೆ ಅಂದ್ಕೊಂಡ್ವಿ ಅಕ್ಕಾ. ನಿಜ ಅಂತ ಯಾರಿಗೆ ಗೊತ್ತು?"

ಸ್ತಾಮೆನಾ ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದಳು. "ಅಮ್ಮ ಸತ್ತಾಗ ಇಗರ್ಜಿ ಗಂಟೆ ಹೊಡೀತಲ್ಲ," ಎಂದಳು. "ಅದೂ ಚೇಷ್ಟೆ ಅಂದ್ಕೊಂಡ್ರಾ?"

ಆ ಮಾತು ಊರೆಲ್ಲ ಸುತ್ತಿತು.

ತೀರ್ಪು ಅವಳ ವಿರುದ್ಧ ಬಂತು. ನೀಶ್‌ನ ಸಂಪಾದಕ ಫೋನಿನಲ್ಲಿ ಕ್ಷಮೆ ಕೇಳಿ, ಇನ್ನು ಮುಂದೆ ಹಬ್ಬದ ಅಡುಗೆಯ ಬಗ್ಗೆ ಬರೆಯುವುದಾದರೆ ಜಾಗವಿದೆ ಎಂದ. ಅವಳು ಅವನ ಮೇಲೆ ರೇಗಲಿಲ್ಲ, ಅಡುಗೆಯ ಬಗ್ಗೆ ಬರೆಯಲೂ ಇಲ್ಲ. ಅತ್ತ ರಾಜಧಾನಿಯಿಂದ ಯಾರೋ ಅಧಿಕಾರಿಗಳು ಬಂದು ದಡ ನೋಡಿ ಹೋದರು. ಯಂತ್ರಗಳು ಒಂದು ತಿರುವಿನಷ್ಟು ಕೆಳಕ್ಕೆ ಸರಿದವು. ಸ್ಮಶಾನಕ್ಕೆ ಕಾಂಕ್ರೀಟಿನ ತಡೆಗೋಡೆ ಎದ್ದಿತು. ಗೋಡೆಗೆ ಜಲ್ಲಿ ಒದಗಿಸಿದವನು ದ್ರಾಗುಟಿನ್. ಉದ್ಘಾಟನೆಯ ದಿನ ತುತ್ತೂರಿಯ ಮೇಳವಿತ್ತು, ಹುರಿದ ಮಾಂಸವಿತ್ತು, ಗೋಡೆಯ ಮೇಲೆ ಅಧ್ಯಕ್ಷನ ಹೆಸರಿನ ಫಲಕವಿತ್ತು. ಯಾವ ಪತ್ರಿಕೆಯೂ ಕಳಿಸದ, ಯಾರೂ ಕರೆಯದ ಸ್ತಾಮೆನಾ ಹಗ್ಗದ ಹೊರಗೆ ನಿಂತು, ಭಾಷಣ ಮುಗಿದೊಡನೆ ಒಂದೇ ಪ್ರಶ್ನೆ ಕೇಳಿದಳು.

"ಅಧ್ಯಕ್ಷರೇ, ನೀರಿಗೆ ಹೋದವರನ್ನ ಹುಡುಕಿಸ್ತೀರಾ?"

ಅಧ್ಯಕ್ಷ ಮೇಳದವರತ್ತ ಕೈಬೀಸಿದ. ತುತ್ತೂರಿಗಳು ಮೊಳಗಿದವು. ಅವಳು ವಾದ್ಯ ನಿಲ್ಲುವವರೆಗೆ ಕಾದು, ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದಳು. ಮೇಳ ಮತ್ತೆ ಶುರುವಾಯಿತು. ನೀರಿಗೆ ಹೋದವರ ಮಕ್ಕಳು ಮೊಮ್ಮಕ್ಕಳೇ ಬಹುಮಂದಿ ಅಲ್ಲಿದ್ದರು, ಕೈಯಲ್ಲಿ ತಟ್ಟೆಗಳಿದ್ದವು.

ಇಂಥವರು ಪ್ರತಿ ಊರಿನಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಅವರನ್ನು ಧೀರರೆಂದು ಕರೆಯುವುದು ರೂಢಿ. ಅದು ಗೌರವದ ಮಾತೆಂದು ನಾವು ನಂಬಿದ್ದೇವೆ. ವಾಸ್ತವದಲ್ಲಿ ಅದು ನಮ್ಮ ಅನುಕೂಲದ ಮಾತು. ಧೈರ್ಯವೆಂಬುದು ಅವರ ಹುಟ್ಟುಗುಣವೆಂದು ಒಪ್ಪಿಕೊಂಡುಬಿಟ್ಟರೆ ಹೆದರುವ ಹಕ್ಕು ನಿರಾತಂಕವಾಗಿ ನಮ್ಮದಾಗುತ್ತದೆ. ಅವರೂ ಹೆದರುತ್ತಾರೆ, ಬಹುಶಃ ನಮಗಿಂತ ಹೆಚ್ಚು, ಏಕೆಂದರೆ ಯಾರಿಗೆ ಹೆದರಬೇಕೆಂಬುದು ಅವರಿಗೆ ಹೆಸರು ಹಿಡಿದು ಗೊತ್ತಿರುತ್ತದೆ. ಬಲಿಷ್ಠರ ಹಗೆತನವನ್ನು ಅವರು ಕಸುಬಿನ ಪಾಲೆಂದು ಹೇಗೋ ತಾಳಿಕೊಳ್ಳುತ್ತಾರೆ. ತಮ್ಮನ್ನು ಯಾರಿಗಾಗಿ ಸುಟ್ಟುಕೊಂಡರೋ ಆ ಜನರೇ ಪರದೆಯ ಹಿಂದೆ ಸರಿದು ನಿಲ್ಲುವುದಿದೆಯಲ್ಲ, ಅವರು ಸಾಯುವುದು ಅದರಿಂದ. ಆ ಸಾವಿಗೆ ಯಾವ ಮರದ ಮೇಲೂ ಯಾರೂ ಚೀಟಿ ಅಂಟಿಸುವುದಿಲ್ಲ.